ಚಾಮುಂಡಿ ಬೆಟ್ಟದ ಮೆಟ್ಟಿಲು: ಬಿರುಸಾಗಿ ಇಳಿಯಬೇಕೋ, ನಿಧಾನವಾಗಿಯೋ?

ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ಮೊಣಕಾಲಿಗೆ ಕಠಿಣ ಪರೀಕ್ಷೆ ಇಳಿಯುವಾಗಲೇ. ಪ್ರತಿ ಮೆಟ್ಟಿಲಿನಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕಿನಂತೆ ದೇಹವನ್ನು ತಡೆಹಿಡಿಯಬೇಕು. ಸಾಮಾನ್ಯ ವೇಗದಲ್ಲಿಯೇ ಮೊಣಕಾಲಿನ ಕೀಲಿನ ಮೇಲೆ ದೇಹತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ.

ಬಿರುಸಾಗಿ ಇಳಿದರೆ ಪಾದ ಕಲ್ಲನ್ನು ಜೋರಾಗಿ ತಾಕುತ್ತದೆ. ಆ ಹೊಡೆತವನ್ನು ಮೊದಲು ಪಾದದ ಕೀಲು ಮತ್ತು ಮೀನಖಂಡ, ಬಳಿಕ ಮೊಣಕಾಲು ಹೀರಿಕೊಳ್ಳಬೇಕು. ಮೆಟ್ಟಿಲಿನ ಎತ್ತರ ಅಷ್ಟೇ ಇದ್ದರೂ ಹೀರಿಕೊಳ್ಳಲು ಸಿಗುವ ಸಮಯ ಕಡಿಮೆ. ಸೊಂಟದ ಕೀಲಿನ ಪಾಲು ಇದರಲ್ಲಿ ಚಿಕ್ಕದು. ಕಾಲು ಜಾರಿದರೆ ಸಾವರಿಸಿಕೊಳ್ಳಲು ಅವಕಾಶವೂ ಇರುವುದಿಲ್ಲ. ಮಳೆಗೆ ನೆನೆದ ಕಲ್ಲಿನ ಮೇಲೆ ಓಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ನಿಧಾನವಾಗಿ ಇಳಿದರೆ ಹೊಡೆತ ತಗ್ಗುತ್ತದೆ. ಆದರೆ ಬಾಗಿದ ಒಂಟಿ ಕಾಲಿನ ಮೇಲೆ ದೇಹ ನಿಲ್ಲುವ ಹೊತ್ತು ಹೆಚ್ಚುತ್ತದೆ. ತೊಡೆ ನಡುಗುವುದು ಇದರಿಂದಲೇ. ಮೊಣಚಿಪ್ಪಿನ ಹಿಂದೆ ನೋವಿರುವವರಿಗೆ ತೀರಾ ನಿಧಾನವೂ ಹಿಂಸೆ.

ಕೀಲು ಗಟ್ಟಿಯಾಗಿರುವವರು ತಮಗೆ ಒಗ್ಗುವ ಮಧ್ಯಮ ವೇಗದಲ್ಲಿ ಇಳಿಯಲಿ. ಮೊಣಕಾಲು ನೋವಿರುವವರು, ಹಿರಿಯರು ನಿಧಾನವನ್ನೇ ಆರಿಸಿಕೊಳ್ಳಬೇಕು: ಆಸರೆ ಹಿಡಿದು, ನೋವಿನ ಕಾಲನ್ನು ಮೊದಲು ಕೆಳಗಿಟ್ಟು, ಅದೇ ಮೆಟ್ಟಿಲಿಗೆ ಇನ್ನೊಂದನ್ನೂ ತರಬೇಕು. ಆಗ ದೇಹವನ್ನು ಇಳಿಸುವ ಕೆಲಸ ಗಟ್ಟಿ ಕಾಲಿಗೆ ಬೀಳುತ್ತದೆ. ಅದೂ ಕಷ್ಟವೆನಿಸಿದರೆ ಬೆಟ್ಟದ ಮೇಲಿನಿಂದ ನಗರಕ್ಕೆ ಬಸ್ ಇದೆ. ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿಯಲು ಸಂಕೋಚ ಬೇಡ.