ಮಾಗಿಯ ಮಂಕಿಗೆ ಬೆಳಕಿನ ದೀಪ: ಚಿಕ್ಕಮಗಳೂರಿನಲ್ಲಿ ಬಳಸಿ ನೋಡಿದ ಮೇಲೆ

ಮಾಗಿಯ ತಿಂಗಳುಗಳಲ್ಲಿ ಹಾಸಿಗೆ ಬಿಟ್ಟೇಳಲಾಗದ ಜಡ, ಯಾವ ಕೆಲಸಕ್ಕೂ ಕೈಹಾಕಲು ಮನಸ್ಸಾಗದ ಮಂಕು ಪ್ರತಿವರ್ಷ ಕಾಡುತ್ತಿದ್ದುದರಿಂದ, ವೈದ್ಯರನ್ನು ಕೇಳಿಕೊಂಡು 10,000 ಲಕ್ಸ್‌ನ ಎಲ್‌ಇಡಿ ದೀಪವೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ). ಚಳಿಗಾಲದ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದಾಗಿನಿಂದಲೂ ಇಂಥ ಪ್ರಖರ ಬೆಳಕು ಅದರ ಚಿಕಿತ್ಸೆಗಳಲ್ಲೊಂದು. ಮುಂಜಾನೆ ಕಣ್ಣಿಗೆ ಬೀಳುವ ಬೆಳಕು ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸಿ, ದೇಹದ ಗಡಿಯಾರವನ್ನು ಸರಿಹೊಂದಿಸುತ್ತದೆ.

ಬಳಕೆ ಸುಲಭ. ಎದ್ದ ಸ್ವಲ್ಪ ಹೊತ್ತಿನಲ್ಲೇ ದೀಪವನ್ನು ತುಸು ಪಕ್ಕಕ್ಕಿಟ್ಟು, ಅದನ್ನೇ ದಿಟ್ಟಿಸದೆ, ಪತ್ರಿಕೆ ಓದುತ್ತ ಅರ್ಧ ಗಂಟೆ ಕೂತರಾಯಿತು. ಆದರೆ ಈ ದೀಪದ ದೊಡ್ಡ ಕೊರತೆಯನ್ನು ಹೇಳಲೇಬೇಕು: ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 10,000 ಲಕ್ಸ್ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದನ್ನು ಒಳಗಿನ ಪುಸ್ತಿಕೆಯ ಮೂಲೆಯಲ್ಲಿ ಮಾತ್ರ ಮುದ್ರಿಸಿದ್ದಾರೆ, ಅದೂ ಕೇವಲ 15 ಸೆಂಟಿಮೀಟರ್. ಮುಖಕ್ಕೆ ಅಷ್ಟು ಹತ್ತಿರ ದೀಪವಿಟ್ಟುಕೊಂಡು ಯಾರೂ ಓದಲಾರರು. ದೂರ ಸರಿಸಿದಂತೆ ಬೆಳಕು ಬಹುಬೇಗ ಕುಗ್ಗುತ್ತದೆ. ಕೊಳ್ಳುವವರು ಅಗಲವಾದ ಫಲಕವಿರುವ, ಒಂದು ಅಡಿ ದೂರದಲ್ಲೂ ಅಷ್ಟೇ ಬೆಳಕು ಕೊಡುವ ದೀಪವನ್ನೇ ಆರಿಸಬೇಕು.

ಪರಿಣಾಮ ಇದೆ. ಏಳುವುದು ಹಗುರವಾಗಿದೆ, ಮಧ್ಯಾಹ್ನದ ತೂಕಡಿಕೆ ತಗ್ಗಿದೆ. ಮಂಕು ಪೂರ್ತಿ ಹೋಯಿತೆನ್ನಲಾರೆ.

ಇನ್ನು ನಮ್ಮೂರಿಗೆ ಇದು ಬೇಕೇ ಎಂಬ ಪ್ರಶ್ನೆ. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗೂ ಕಡಿಮೆ. ಚಿಕ್ಕಮಗಳೂರಿನದು ಹನ್ನೊಂದು ಗಂಟೆ ದಾಟುತ್ತದೆ. ಮಂಜು ಸರಿದ ಮೇಲೆ ಅಂಗಳಕ್ಕೆ ಬರುವ ಬಿಸಿಲು ಯಾವ ದೀಪಕ್ಕಿಂತಲೂ ಹಲವು ಪಟ್ಟು ಪ್ರಖರ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ಆದ್ದರಿಂದ ಕಾಫಿ ಕುಯ್ಲಿನಲ್ಲೋ ಕಣದಲ್ಲೋ ಓಡಾಡುವವರು ಇದಕ್ಕೆ ಹಣ ಸುರಿಯಬೇಕಿಲ್ಲ. ಮರಗಳ ದಟ್ಟ ನೆರಳಿನ ಮನೆಯಲ್ಲಿ ಕಂಪ್ಯೂಟರ್ ಮುಂದೆ ದಿನ ಕಳೆಯುವವರಿಗೆ, ರೋಗಿಯ ಆರೈಕೆಗೆಂದು ಒಳಗೇ ಉಳಿದವರಿಗೆ ಇದು ನಿಜವಾಗಿ ನೆರವಾಗುತ್ತದೆ. ನನಗನ್ನಿಸುವಂತೆ, ವಾರಗಟ್ಟಲೆ ಸೂರ್ಯ ಕಾಣದ ಆಷಾಢದ ಮಳೆಯಲ್ಲೇ ಇದರ ಉಪಯೋಗ ಹೆಚ್ಚು.

ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ಹೊಯ್ದಾಡುವುದು) ಅಥವಾ ಅಕ್ಷಿಪಟಲದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ, ಬದುಕೇ ಬೇಡವೆನಿಸಿದರಂತೂ ತಕ್ಷಣವೇ, ದೀಪವನ್ನು ನೆಚ್ಚಿ ಕೂರದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು.