ಸಮುದಾಯ ಬಾನುಲಿಯ ಫೋನ್-ಇನ್ ಮಾತುಕತೆ: ಆರು ವರ್ಷ ಕೇಳಿದ ಮೇಲೆ

ಹಳೇ ಮೈಸೂರು ಸೀಮೆಯ ಒಂದು ಸಮುದಾಯ ಬಾನುಲಿ (ಕಮ್ಯುನಿಟಿ ರೇಡಿಯೋ) ನಿಲಯದಲ್ಲಿ ವಾರಕ್ಕೊಮ್ಮೆ ಬರುವ ಫೋನ್-ಇನ್ ಮಾತುಕತೆಯ ವಿಮರ್ಶೆ ಇದು. ಸಂಜೆ ಒಂದು ಗಂಟೆ ನೇರಪ್ರಸಾರ, ಮರುದಿನ ಬೆಳಿಗ್ಗೆ ಅದರದೇ ಮರುಪ್ರಸಾರ. ಮೊದಲ ಇಪ್ಪತ್ತು ನಿಮಿಷ ಅತಿಥಿಯ ಜೊತೆ ಮಾತು, ಆಮೇಲೆ ಊರೂರಿಂದ ಕರೆ. ನಿಲಯದ ಹೆಸರು ಹಾಕಿಲ್ಲ, ಏಕೆಂದರೆ ಇಲ್ಲಿ ಬರೆದ ಗುಣವೂ ಕೊರತೆಯೂ ಇಂಥ ಬಹಳಷ್ಟು ನಿಲಯಗಳಿಗೆ ಹೊಂದುತ್ತವೆ. ರಾಜ್ಯದಲ್ಲಿ ಸರಗೂರಿನ ಜನಧ್ವನಿ, ಮಂಗಳೂರಿನ ರೇಡಿಯೋ ಸಾರಂಗ್, ಬೆಂಗಳೂರಿನ ರೇಡಿಯೋ ಆಕ್ಟಿವ್ ಹೀಗೆ ಒಂದೊಂದು ಕಡೆ ಒಂದೊಂದು ಬಗೆಯ ಸಮುದಾಯ ಬಾನುಲಿ ಇದೆ. ನಿಮ್ಮ ಸುತ್ತಲಲ್ಲಿ ಯಾವುದಿದ್ದರೂ ಈ ಅಳತೆಗೋಲು ಹಿಡಿದು ನೋಡಬಹುದು.

ಅತಿಥಿಗಳಿಂದಲೇ ಶುರು ಮಾಡೋಣ. ಈ ಕಾರ್ಯಕ್ರಮಕ್ಕೆ ಮೂರು ಥರದವರು ಬರುತ್ತಾರೆ. ಒಂದು, ಇಲಾಖೆಯವರು: ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ, ಪಶುವೈದ್ಯರು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ನಾಡಕಚೇರಿಯವರು. ಎರಡು, ಊರಿನವರೇ: ಹಾಲಿನ ಡೇರಿ ನಡೆಸುವ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆ, ಸೂಲಗಿತ್ತಿ, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಮೂರು, ಸನ್ಮಾನಕ್ಕೆ ಕರೆಸಿದವರು. ಮೂರನೆಯವರ ಕಂತುಗಳಿಂದ ಕೇಳುಗರಿಗೆ ಹೆಚ್ಚೇನೂ ಸಿಗುವುದಿಲ್ಲ, ಕರೆಗಳೂ ಬರೀ ಶುಭಾಶಯದವು. ಅತ್ಯುತ್ತಮ ಕಂತುಗಳು ಹುಟ್ಟುವುದು ಒಂದನೆಯವರನ್ನೂ ಎರಡನೆಯವರನ್ನೂ ಒಂದೇ ಮೈಕಿನ ಮುಂದೆ ಕೂರಿಸಿದಾಗ.

ಗಿಣ್ಣುಹಾಲಿನ ಕಂತು ಇದಕ್ಕೆ ಒಳ್ಳೆಯ ಉದಾಹರಣೆ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು, ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಪಾಲು ಹೊಟ್ಟೆಗೆ ಹೋಗಬೇಕು, 25 ಕೆಜಿ ಕರುವಾದರೆ ಎರಡೂವರೆ ಲೀಟರು, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ ಕುಡಿಸಿ ಎಂದು ಪಶುವೈದ್ಯರು ಹೇಳುತ್ತಾರೆ. ಅವರೊಬ್ಬರೇ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದಲ್ಲಿ ಕೂತ ಡೇರಿಯ ಅಕ್ಕ, "ಸಾರ್, ನಮ್ಮ ಕಡೆ ಸತ್ತೆ ಬೀಳೋವರೆಗೂ ಹಾಲು ಕರೆಯೋದೇ ಇಲ್ವಲ್ಲ" ಎಂದು ತಡೆಯುತ್ತಾರೆ (ಸತ್ತೆ ಎಂದರೆ ಕರು ಹಾಕಿದ ಮೇಲೆ ಬೀಳುವ ಮಾಸು). ವೈದ್ಯರು ಆಗಲೇ ನಿಜವಾದ ಉತ್ತರ ಕೊಡುವುದು. ಕರು ಮೊಲೆ ಚೀಪಿದರೆ ಗರ್ಭಕೋಶ ಬಿಗಿದುಕೊಂಡು ಸತ್ತೆ ಬೀಳಲು ನೆರವಾಗುತ್ತದೆಯೇ ಹೊರತು ತಡವಾಗುವುದಿಲ್ಲ. ಕರುವಿನ ಕರುಳು ರೋಗನಿರೋಧಕ ಅಂಶ ಹೀರಿಕೊಳ್ಳುವ ಶಕ್ತಿಯೋ ಗಂಟೆಗಂಟೆಗೆ ಇಳಿಯುತ್ತಾ ಹೋಗಿ ಒಂದು ದಿನದಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಬೆಳಿಗ್ಗೆವರೆಗೆ ಕಾದರೆ ನಷ್ಟ ಯಾಕೆ ಅನ್ನುವುದು ಕೇಳುಗರಿಗೆ ಆವಾಗ ತಿಳಿಯುತ್ತದೆ. ಕರಪತ್ರ ಎಷ್ಟೇ ಹಂಚಿದರೂ ಆ ಒಂದು ಅಡ್ಡಪ್ರಶ್ನೆ ಮಾಡಿದ ಕೆಲಸ ಆಗುವುದಿಲ್ಲ.

ಅಳತೆಯ ವಿಷಯದಲ್ಲಿ ಕಾರ್ಯಕ್ರಮ ಪದೇ ಪದೇ ಎಡವುತ್ತದೆ, ಅಪಾಯವಿರುವುದೂ ಅಲ್ಲೇ. ಮುಸುಕಿನ ಜೋಳದ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ದೇಶದಲ್ಲಿ ಇದು ಮೊದಲು ಕಂಡದ್ದೇ ಕರ್ನಾಟಕದಲ್ಲಿ, 2018ರಲ್ಲಿ. ಅಂದಿನಿಂದ ಪ್ರತಿ ಮುಂಗಾರಿಗೂ ಇದಕ್ಕೆ ಯಾವ ಔಷಧ, ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಇಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕದ ಶೇ 5ರ ಹರಳುಪುಡಿಯನ್ನು ಲೀಟರ್ ನೀರಿಗೆ 0.4 ಗ್ರಾಂ ಬೆರೆಸಿ ಎನ್ನುತ್ತಾರೆ ವಿಜ್ಞಾನಿ. ಕೇಳುವವರ ಬೆನ್ನ ಮೇಲಿರುವುದು 16 ಲೀಟರಿನ ಟ್ಯಾಂಕು. "ಟ್ಯಾಂಕಿಗೆ ಎಷ್ಟು ಸಾರ್?" ಎಂದು ಅವರು ಕೇಳುವುದು ನ್ಯಾಯವೇ, ಉತ್ತರ 6.4 ಗ್ರಾಂ. ಇದನ್ನು ಅಲ್ಲೇ ಲೆಕ್ಕ ಹಾಕಿ ಹೇಳದೆ ಮುಂದಿನ ಕರೆಗೆ ಹೋದರೆ ಎರಡು ತಪ್ಪಾಗುತ್ತದೆ. ಫೋನಿನ ಸದ್ದಿನಲ್ಲಿ "ಪಾಯಿಂಟ್" ಅನ್ನುವ ಪದ ಅಳಿಸಿಹೋಗಿ "ನಾಲ್ಕು ಗ್ರಾಂ" ಮಾತ್ರ ಉಳಿಯುವುದು ಒಂದು. ಆಗ ಹತ್ತುಪಟ್ಟು ಔಷಧ ಹೊಲಕ್ಕೆ ಬೀಳುತ್ತದೆ. ಗ್ರಾಂ, ಎಂಎಲ್ ಅದಲುಬದಲಾಗುವುದು ಇನ್ನೊಂದು. ಪುಡಿಯನ್ನು ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದರೆ ತೂಕ ಸಿಗುವುದಿಲ್ಲ. ಈ ನಿಲಯದ ಹಿರಿಯ ನಿರೂಪಕಿ ಮೂರು ವರ್ಷದಿಂದ ಒಂದು ಪದ್ಧತಿ ಹಿಡಿದಿದ್ದಾರೆ. ಅಳತೆ ಬಂದಾಗಲೆಲ್ಲ ಮೊದಲು ಲೀಟರಿಗೆ, ಆಮೇಲೆ ಟ್ಯಾಂಕಿಗೆ, ಕಡೆಗೆ ಕರೆ ಮಾಡಿದವರ ಬಾಯಲ್ಲೇ ಒಮ್ಮೆ ಹೇಳಿಸುತ್ತಾರೆ. ಸಿಂಪಡಿಸುವಾಗ ಔಷಧ ಸುಳಿಯೊಳಗೆ ಇಳಿಯಬೇಕು, ಎಲೆಯ ಮೇಲೆ ಹೊಡೆದರೆ ಹುಳುವಿಗೆ ತಾಗದು ಎಂಬುದನ್ನೂ ಅವರೇ ನೆನಪಿಸುತ್ತಾರೆ. ಆ ಪದ್ಧತಿ ಬಂದ ಮೇಲೆ ಕಾರ್ಯಕ್ರಮದ ಬೆಲೆ ಇಮ್ಮಡಿಯಾಯಿತು. ಅವರು ರಜೆಯಲ್ಲಿದ್ದ ವಾರ ಹೊಸಬರು ನಡೆಸಿಕೊಟ್ಟರೆ ವ್ಯತ್ಯಾಸ ಮೊದಲ ಕರೆಯಲ್ಲೇ ಗೊತ್ತಾಗುತ್ತದೆ. ಔಷಧದ ಪ್ರಮಾಣವನ್ನು ರೇಡಿಯೋ ಕೇಳಿ ಬರೆದುಕೊಂಡರೂ, ಪೊಟ್ಟಣದ ಮೇಲಿನ ಅಚ್ಚಿನ ಜೊತೆ ತಾಳೆ ನೋಡದೆ ಬೆರೆಸಬೇಡಿ.

ಮುಂಗಾರಿನ ಆರಂಭಕ್ಕೆ ಹಾವು ಕಡಿತದ ಕಂತು ವರ್ಷವೂ ಇರುತ್ತದೆ. ಇದೊಂದನ್ನೇ ಕೇಳಿದರೂ ಸಾಕು ಎನ್ನುವಷ್ಟು ಚೆನ್ನಾಗಿ ಮಾಡುತ್ತಾರೆ. ಹಗ್ಗ ಬಿಗಿದು ಕಟ್ಟಬೇಡಿ, ಬ್ಲೇಡಿನಿಂದ ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಕಡಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಕಟ್ಟಿ, ಉಂಗುರ ಬಳೆ ತೆಗೆದು, 108ಕ್ಕೆ ಫೋನ್ ಮಾಡಿ ಎನ್ನುವುದು ಎಲ್ಲರೂ ಹೇಳುವ ಮಾತು. ಈ ಕಂತಿನ ಹೆಚ್ಚುಗಾರಿಕೆ ಇರುವುದು ಕಟ್ಟುಹಾವಿನ ಭಾಗದಲ್ಲಿ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಎದ್ದು ಕೂತವರ ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ ಅಜೀರ್ಣ ಎಂದು ಕಷಾಯ ಕೊಡುತ್ತಾ ಕೂರಬಾರದು ಎಂದು ವೈದ್ಯರು ಮೂರು ಸಲ ಹೇಳುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಆಗುವುದರಿಂದ ಹಾವನ್ನು ಹಿಡಿದು ತರುವ ಅಗತ್ಯವಿಲ್ಲ ಎಂಬುದೂ ಇಲ್ಲಿ ಬರುತ್ತದೆ. ಅತಿಥಿ ಇಷ್ಟು ನಿಧಾನವಾಗಿ ಮಾತಾಡಲು ಕಾರಣ, ಆ ದಿನ ಆರೇ ಕರೆ ತೆಗೆದುಕೊಳ್ಳುತ್ತಾರೆ. ಬೇರೆ ದಿನ ಹದಿನೈದು ಕರೆ ತುರುಕಿ ಯಾರಿಗೂ ಪೂರಾ ಉತ್ತರ ಸಿಗದಂತೆ ಮಾಡುವುದುಂಟು. ಒಂದು ಗಂಟೆಗೆ ಎಂಟು ಕರೆ ಸರಿಯಾದ ಲೆಕ್ಕ.

ಪಿಂಚಣಿ, ಖಾತೆ ವಿಷಯದ ಕಂತುಗಳು ಏರುಪೇರು. ಸಂಧ್ಯಾ ಸುರಕ್ಷಾ ಹಣ ನಿಂತಿದೆ, ಗೃಹಲಕ್ಷ್ಮಿ 2,000 ಬರುತ್ತಿಲ್ಲ ಎಂಬ ಕರೆ ಬಂದಾಗ "ಕಚೇರಿಗೆ ಬನ್ನಿ, ನೋಡೋಣ" ಎಂದು ಅತಿಥಿ ಹೇಳಿದರೆ ಆ ಉತ್ತರ ವ್ಯರ್ಥ. ಒಳ್ಳೆಯ ದಿನಗಳಲ್ಲಿ ಮಾತು ಮುಂದೆ ಹೋಗುತ್ತದೆ: ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿರುವುದೇ ಬೇರೆ, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಖಾತೆ ಜೋಡಣೆಯಾಗಿರುವುದೇ ಬೇರೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ, ಹಾಗಾಗಿ "ಬಂದಿಲ್ಲ" ಎನ್ನುವವರ ಹಣ ಮರೆತುಹೋದ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಇರಲೂಬಹುದು. ಪೌತಿ ಖಾತೆಗೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು) ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇಟ್ಟುಕೊಂಡು ಹೋಗಿ ಎಂದು ಹೇಳುವುದರ ಜೊತೆಗೆ, ಪಹಣಿಯಲ್ಲಿ "ಕೆಂಪಯ್ಯ", ಮರಣ ಪತ್ರದಲ್ಲಿ "ಕೆಂಪೇಗೌಡ" ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ ಎಂದೂ ಹೇಳಿದವರು ಕೇಳುಗರ ಒಂದು ದಿನದ ಕೂಲಿ ಉಳಿಸಿದರು.

ಇಷ್ಟಕ್ಕೆಲ್ಲ ರೇಡಿಯೋ ಯಾಕೆ, ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿದರೆ ಸಾಲದೇ ಎನ್ನಬಹುದು. ಅದೂ ಬೇಕು. ಆದರೆ ಅಲ್ಲಿ ಉತ್ತರ ಒಬ್ಬರ ಕಿವಿಗೆ ಬೀಳುತ್ತದೆ. ಇಲ್ಲಿ ಒಬ್ಬರು ಕೇಳಿದ್ದನ್ನು, ಕೇಳಲು ಹಿಂಜರಿಯುವ ಇಪ್ಪತ್ತು ಮನೆಯವರು ಕೇಳಿಸಿಕೊಳ್ಳುತ್ತಾರೆ. ಮುಟ್ಟಿನ ತೊಂದರೆ, ಗರ್ಭಕೋಶ ತೆಗೆಸುವ ವಿಚಾರ, ಕುಡಿತ ಬಿಡಿಸುವುದು ಇಂಥ ಕಂತುಗಳಲ್ಲಿ ಈ ಗುಣ ಎದ್ದು ಕಾಣುತ್ತದೆ.

ಕರೆ ಮಾಡುವವರಿಗೆ ಕೆಲವು ಮಾತು. ಲೈನು ಸಿಕ್ಕ ಕೂಡಲೇ ಮನೆಯ ರೇಡಿಯೋ ಸದ್ದು ಪೂರ್ತಿ ಇಳಿಸಿ. ಇಲ್ಲದಿದ್ದರೆ ನಿಮ್ಮ ದನಿಯೇ ರೇಡಿಯೋದಿಂದ ಫೋನಿಗೆ, ಫೋನಿನಿಂದ ಸ್ಟುಡಿಯೋಗೆ ಸುತ್ತಿ ಕೂಗು ಏಳುತ್ತದೆ. ನಿಲಯದ ಆ್ಯಪ್‌ನಲ್ಲಿ ಕೇಳುತ್ತಾ ಕರೆ ಮಾಡುವುದಂತೂ ಬೇಡವೇ ಬೇಡ. ಇಂಟರ್‌ನೆಟ್ ಪ್ರಸಾರ ಅರ್ಧ ನಿಮಿಷಕ್ಕೂ ಹಿಂದೆ ಬೀಳುವುದರಿಂದ ನಿರೂಪಕಿ ನಿಮ್ಮನ್ನು ಮಾತಾಡಿಸಿ, ಕಾದು, ಲೈನು ಕಡಿದ ಮೇಲೆ ನಿಮಗೆ ಅವರ "ಹೇಳಿ" ಕೇಳಿಸುತ್ತದೆ. ಸ್ಪೀಕರ್ ಫೋನ್ ಬೇಡ, ಕಿವಿಗಿಟ್ಟು ಮಾತಾಡಿ. ಮೊದಲು ಊರು, ಬೆಳೆ ಅಥವಾ ವಿಷಯ, ಎಷ್ಟು ದಿನದಿಂದ ಎನ್ನುವುದು, ಆಮೇಲೆ ಒಂದೇ ಪ್ರಶ್ನೆ. ಸರದಿ ಸಿಗದವರು ವಾಟ್ಸಾಪ್ ಧ್ವನಿ ಸಂದೇಶ ಕಳಿಸಬಹುದು. 40 ಸೆಕೆಂಡಿನೊಳಗಿದ್ದರೆ ಹಾಗೇ ಹಾಕುತ್ತಾರೆ, ಮಾಮೂಲಿ ಕರೆಗಿಂತ ಸ್ಪಷ್ಟವಾಗಿಯೂ ಕೇಳುತ್ತದೆ.

ಇನ್ನು ರೇಡಿಯೋದಲ್ಲಿ ನಿಲಯ ಹಿಡಿಯುವ ವಿಷಯ. ಸಮುದಾಯ ಬಾನುಲಿಗೆ ಕೊಡುವ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟ್, ಗೋಪುರ 30 ಮೀಟರ್, ಸಿಗುವ ದೂರ ಸುತ್ತಲೂ 10ರಿಂದ 15 ಕಿಲೋಮೀಟರ್. ಮಧ್ಯೆ ಗುಡ್ಡ ಅಡ್ಡ ಬಂದರೆ ಎಂಟೇ ಕಿಲೋಮೀಟರಿಗೆ ಕೈಕೊಡುತ್ತದೆ. ಅಂಚಿನಲ್ಲಿ ಇರುವವರು ಮೂರು ಕೆಲಸ ಮಾಡಿ ನೋಡಿ. ಸೆಟ್ಟಿನಲ್ಲಿ ಸ್ಟೀರಿಯೋ, ಮೋನೋ ಬಟನ್ ಇದ್ದರೆ ಮೋನೋಗೆ ಹಾಕಿ, ಹಿಸ್ ಎನ್ನುವ ಸದ್ದು ಅರ್ಧ ಇಳಿಯುತ್ತದೆ. ಆಂಟೆನಾ ಮುರಿದಿದ್ದರೆ ಸುಮಾರು 80 ಸೆಂಟಿಮೀಟರ್ ತಂತಿಯನ್ನು ಅದರ ಬುಡಕ್ಕೆ ಸಿಕ್ಕಿಸಿ, ನಿಲಯವಿರುವ ದಿಕ್ಕಿನ ಕಿಟಕಿಗೆ ನೇರವಾಗಿ ನಿಲ್ಲಿಸಿ (90 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಅಷ್ಟೇ ಉದ್ದ). ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್ ಪಕ್ಕದಲ್ಲಿದ್ದರೆ ಆರಿಸಿ ನೋಡಿ, ಗುರುಗುಟ್ಟುವ ಸದ್ದು ಬಹಳ ಸಲ ಅವುಗಳದ್ದೇ. ಮೊಬೈಲಿನ ಎಫ್‌ಎಂಗೆ ತಂತಿಯ ಇಯರ್‌ಫೋನೇ ಆಂಟೆನಾ, ಬ್ಲೂಟೂತ್ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಹೊಸ ಫೋನುಗಳಲ್ಲಿ ಎಫ್‌ಎಂ ಇರುವುದೇ ಕಡಿಮೆ. ಎಫ್‌ಎಂ ಸೌಲಭ್ಯವನ್ನು ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸೂಚಿಸಿದ್ದರೂ ಕೊಳ್ಳುವ ಮುನ್ನ ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಿ. ಆ್ಯಪ್‌ನಲ್ಲಿ 64 ಕೆಬಿಪಿಎಸ್ ಪ್ರಸಾರ ಕೇಳಿದರೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಖರ್ಚು.

ಕೊರತೆಗಳು. ಕರೆಂಟ್ ಹೋದಾಗ ನಿಲಯದ ಯುಪಿಎಸ್ ಸ್ಟುಡಿಯೋವನ್ನು ಉಳಿಸಿದರೂ ಪ್ರಸಾರ ಯಂತ್ರ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ತಿಂಗಳಿಗೆ ಒಂದು ಕಂತಾದರೂ ನಡುವೆ ಕಡಿದದ್ದುಂಟು. ಅತಿಥಿಯ ಮೊಬೈಲ್ ಮೈಕಿನ ಪಕ್ಕದಲ್ಲೇ ಇದ್ದು ಟಿರ್ ಟಿರ್ ಎನ್ನುವುದು ಇನ್ನೂ ನಿಂತಿಲ್ಲ, ಬಾಗಿಲಲ್ಲೇ ಒಂದು ಬುಟ್ಟಿ ಇಟ್ಟರೆ ಮುಗಿಯುವ ಕೆಲಸ. ಕಾಡಂಚಿನ ಹಾಡಿಗಳ ಜೇನುಕುರುಬ, ಕಾಡುಕುರುಬ ಸಮುದಾಯದವರು ಅತಿಥಿಗಳಾಗಿ ಬಂದದ್ದು ಕಡಿಮೆ. ಬಂದಾಗಲೂ ಹಾಡು ಹಾಡಿಸಿ ಕಳಿಸುತ್ತಾರೆ, ಅರಣ್ಯ ಹಕ್ಕುಪತ್ರದ ಬಗ್ಗೆ, ಜೇನಿನ ಬೆಲೆಯ ಬಗ್ಗೆ ಅವರನ್ನೇ ಕೇಳುವುದಿಲ್ಲ. ಇದು ನಮಗೆ ಅತಿ ಬೇಸರದ ವಿಷಯ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ 2001ರಲ್ಲಿ ಶುರುವಾಗಿ, ಪರವಾನಗಿಯೇ ಇಲ್ಲದ ಕಾಲದಲ್ಲಿ ಧ್ವನಿವರ್ಧಕ, ಕೇಬಲ್ ತಂತಿಗಳ ಮೂಲಕ ಹಳ್ಳಿಯ ಹೆಂಗಸರ ಮಾತನ್ನು ಹಳ್ಳಿಗೇ ಕೇಳಿಸಿತ್ತು. ಬೆಂಗಳೂರಿನ ರೇಡಿಯೋ ಆಕ್ಟಿವ್ ಟ್ರಾನ್ಸ್‌ಜೆಂಡರ್ ಮಹಿಳೆಯರ ಕೈಗೇ ಮೈಕು ಕೊಟ್ಟಿತು. ಅತಿಥಿಯಾಗಿ ಕರೆಯುವುದಕ್ಕಿಂತ ಅದು ಒಂದು ಹೆಜ್ಜೆ ಮುಂದಿನದು, ಈ ನಿಲಯಕ್ಕೂ ಸಾಧ್ಯವಿರುವುದು.

ರಾಜಕೀಯದ ಬಗ್ಗೆ ಯಾಕೆ ಮಾತಾಡುವುದಿಲ್ಲ ಎಂದು ಹೊಸ ಕೇಳುಗರು ದೂರುವುದಿದೆ. ಅದು ನಿಲಯದ ಅಂಜಿಕೆಯಲ್ಲ, ನಿಯಮ. ಸಮುದಾಯ ಬಾನುಲಿ ರಾಜಕೀಯ ಕಾರ್ಯಕ್ರಮ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಬಿಟ್ಟು ಬೇರೆ ಸುದ್ದಿ ಬಿತ್ತರಿಸುವಂತಿಲ್ಲ. ನೀರು ಬಿಡುವ ಸಮಯ, ಜಾತ್ರೆ, ಹವಾಮಾನ, ಉದ್ಯೋಗದ ಮಾಹಿತಿಗೆ ಅಡ್ಡಿಯಿಲ್ಲ. ಹಾಗಾಗಿ ಕರೆಯಲ್ಲಿ ಪಕ್ಷದ ಹೆಸರು ಎತ್ತದೆ, "ನಮ್ಮ ಬೀದಿಗೆ ಎಂಟು ದಿನದಿಂದ ನೀರು ಬಂದಿಲ್ಲ" ಎಂದರೆ ನಿಮ್ಮ ಮಾತು ಪೂರ್ತಿ ಪ್ರಸಾರವಾಗುತ್ತದೆ. 2024ರ ಹೊಸ ಮಾರ್ಗಸೂಚಿ ಜಾಹೀರಾತಿಗೆ ಗಂಟೆಗೆ 12 ನಿಮಿಷದವರೆಗೆ ಅವಕಾಶ ಕೊಟ್ಟ ಮೇಲೂ ಈ ಕಾರ್ಯಕ್ರಮದ ನಡುವೆ ಜಾಹೀರಾತು ತೀರಾ ಕಡಿಮೆ. ನಿಲಯದ ಹಣಕಾಸು ನೆನೆದರೆ ಇನ್ನೂ ಒಂದಿಷ್ಟು ಬರಲಿ ಅನಿಸುತ್ತದೆ.

ಕಂತು ತಪ್ಪಿಹೋದರೆ ಸುಮ್ಮನಿರಬೇಡಿ. ಪ್ರಸಾರವಾದ ಕಾರ್ಯಕ್ರಮಗಳನ್ನು ನಿಲಯ ಮೂರು ತಿಂಗಳು ಕಾಪಿಡಲೇಬೇಕೆಂಬ ನಿಯಮವಿದೆ. ದಿನಾಂಕ, ವಿಷಯ ಬರೆದುಕೊಂಡು ಪೆನ್‌ಡ್ರೈವ್ ಹಿಡಿದು ಹೋಗಿ ಕೇಳಿದರೆ ಇಲ್ಲಿ ಇದುವರೆಗೆ ಇಲ್ಲ ಎಂದವರಿಲ್ಲ. ಹಾವಿನ ಕಂತನ್ನಂತೂ ಮಳೆ ಹಿಡಿಯುವ ಮೊದಲೇ ತಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಮ್ಮೆ ಹಾಕಿ.