ದೊನ್ಬುರಿ ಕಿಟ್: ಅಕ್ಕಿ ಸೂಪರ್, ಚೀಟಿ ನಂಬಬೇಡಿ

ಮನೆಯಲ್ಲೇ ಜಪಾನೀ ಸೀಗಡಿ ಬೌಲ್ ಮಾಡೋಣ ಅಂತ ಆನ್‌ಲೈನಲ್ಲಿ ಒಂದು ಕಿಟ್ ತರಿಸಿದ್ದೆ. ಇಬ್ಬರಿಗೆ ಸಾಕು ಅಂತ ಬರೆದಿದೆ, 699 ರೂಪಾಯಿ. ಕಂಪನಿ ಹೆಸರು ಬೇಡ ಬಿಡಿ. ಡಬ್ಬಿಯೊಳಗೆ 300 ಗ್ರಾಂ ಗಿಡ್ಡ ಕಾಳಿನ ಅಕ್ಕಿ, ಟೆರಿಯಾಕಿ ಅನ್ನೋ ಸಿಹಿ ಸೋಯಾ ಸಾಸ್, ಸ್ವಲ್ಪ ಅಕ್ಕಿ ವಿನೆಗರ್, ಹುರಿದ ಎಳ್ಳು, ನೋರಿ ಅನ್ನೋ ಕಡಲ ಪಾಚಿಯ 2 ಹಾಳೆ, ವಸಾಬಿ ಅನ್ನೋ ಖಾರದ ಪೇಸ್ಟಿನ ಬೆರಳುದ್ದದ ಟ್ಯೂಬ್. ಮೀನು ಮಾತ್ರ ನಾವೇ ತರಬೇಕು.

ದೊನ್ಬುರಿ ಅಂದ್ರೆ ದೊಡ್ಡ ಬಟ್ಟಲು, ಅಷ್ಟೇ. ಬಿಸಿ ಅನ್ನದ ಮೇಲೆ ಸೀಗಡಿ ಟೆಂಪುರಾ (ಹಿಟ್ಟಲ್ಲಿ ಅದ್ದಿ ಕರಿದದ್ದು) ಇಟ್ಟರೆ ತೆಂದೊನ್, ಸುಟ್ಟ ಹಾವುಮೀನು ಇಟ್ಟರೆ ಉನಾದೊನ್, ಹಸಿ ಮೀನು ಜೋಡಿಸಿದರೆ ಕೈಸೆನ್‌ದೊನ್. ಕಿಟ್ ಜೊತೆ ಬಂದ ಚೀಟಿಯಲ್ಲಿ ಹಸಿ ಸಾಲ್ಮನ್ ಫೋಟೋ ಹಾಕಿ, ಕೆಳಗೆ 'ತಾಜಾ ಮೀನು ಬಳಸಿ' ಅಂತ ಒಂದೇ ಒಂದು ಸಾಲು ಬರೆದಿದ್ದಾರೆ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮೀನಿನಲ್ಲಿರೋ ಹುಳ ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು, ಬ್ಯಾಕ್ಟೀರಿಯಾ ಅದಕ್ಕೂ ಸಾಯೋದಿಲ್ಲ. ಮಾರ್ಕೆಟ್ಟಿನ ಮೀನು ಎಷ್ಟೇ ತಾಜಾ ಇರಲಿ, ಹಸಿ ತಿನ್ನೋಕೆ ಅಲ್ಲ. ನಾನು ರಸೆಲ್ ಮಾರ್ಕೆಟ್ಟಿಂದ ಅರ್ಧ ಕಿಲೋ ಸೀಗಡಿ ತಂದೆ.

ಮೊದಲ ಎಡವಟ್ಟು ಅನ್ನದಲ್ಲೇ ಆಯಿತು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಅಂತ ಚೀಟಿ ಹೇಳಿತ್ತು, ಸೋನಾ ಮಸೂರಿಗೆ ಹೇಳೋ ಹಾಗೆ. ಪುಣ್ಯಕ್ಕೆ ಅರ್ಧ ಅಕ್ಕಿ ಮಾತ್ರ ಹಾಕಿದ್ದೆ. ಊರಿಂದ ಬಂದಿದ್ದ ಅಮ್ಮ ಮುಚ್ಚಳ ತೆಗೆದು ನೋಡಿ, "ಎಂತ ಮಾರಾಯ್ತಿ ಇದು, ದುಡ್ಡು ಕೊಟ್ಟು ಗಂಜಿ ಮಾಡಿದ್ದಾ?" ಅಂದರು. ಉಳಿದ ಅಕ್ಕಿಯನ್ನು ನೀರು ಹೆಚ್ಚು ಕಡಿಮೆ ತಿಳಿಯಾಗೋವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದೂಕಾಲು ಲೋಟಕ್ಕಿಂತ ತುಸು ಕಡಿಮೆ ನೀರಿಟ್ಟು, ಕುದಿ ಬಂದಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿ, ಒಲೆ ಆರಿಸಿ ಮುಚ್ಚಳ ಮುಟ್ಟದೆ ಇನ್ನೂ 10 ನಿಮಿಷ ಬಿಟ್ಟೆ. ಅಂಟು ಇದೆ, ಆದರೆ ಕಾಳು ಕಾಳಾಗಿ ಕಾಣುತ್ತೆ, ಹೊಳೆಯುತ್ತೆ, ಚಾಪ್‌ಸ್ಟಿಕ್‌ಗೆ ತುಂಡಾಗಿ ಬರುತ್ತೆ. ಇದು ಸೋನಾ ಮಸೂರಿಯಲ್ಲಿ ಆಗೋ ಕೆಲಸ ಅಲ್ಲ, ಅಕ್ಕಿಯಲ್ಲಿರೋ ಪಿಷ್ಟವೇ ಬೇರೆ.

ಸೀಗಡಿ ಸುಲಭ. ಸಿಪ್ಪೆ, ಬೆನ್ನಿನ ಕಪ್ಪು ನರ ತೆಗೆದು, ಒರೆಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಒಂದೊಂದು ಬದಿ ಒಂದೂವರೆ ನಿಮಿಷ. ಅರ್ಧಚಂದ್ರದ ಥರ ಬಾಗಿದರೆ ಆಯಿತು, ಪೂರ್ತಿ ಸುರುಳಿ ಸುತ್ತಿಕೊಂಡರೆ ರಬ್ಬರ್. ಸಾಸ್ ಕೊನೆಗೆ ಹಾಕಿ, ಸಕ್ಕರೆ ಬೇಗ ಸೀದುಹೋಗುತ್ತೆ. ಅಂದಹಾಗೆ ಈ ಸಾಸ್ ಲೇಬಲ್ಲಿನಲ್ಲಿ ಮೊದಲ ಹೆಸರೇ ಸಕ್ಕರೆ! ನಿಂಬೆರಸ, ಇನ್ನೊಂದು ಚಮಚ ಸೋಯಾ ಸಾಸ್ ಸೇರಿಸದೆ ಬಾಯಿಗಿಡೋಕೆ ಆಗಲಿಲ್ಲ. ಸೋಯಾ, ಬೆಲ್ಲ, ಶುಂಠಿ ರಸ ಇದ್ದರೆ ಇದಕ್ಕಿಂತ ಒಳ್ಳೆಯದು ಮನೆಯಲ್ಲೇ ಆಗುತ್ತೆ. ಮೇಲೆ ನಾಲ್ಕು ಹನಿ ಎಳ್ಳೆಣ್ಣೆ ಅಂತ ಚೀಟಿ ಹೇಳುತ್ತೆ, ಆದರೆ ಕಿಟ್ಟಿನಲ್ಲಿ ಅದು ಇಲ್ಲ. ನಮ್ಮ ಗಾಣದ ಎಣ್ಣೆ ಹಾಕಬೇಡಿ, ಅವರದ್ದು ಹುರಿದ ಎಳ್ಳಿನದು, ಘಮವೇ ಬೇರೆ.

ವಸಾಬಿ ಅಂತ ಟ್ಯೂಬಿನಲ್ಲಿ ಇರೋದು ಅಸಲಿ ವಸಾಬಿ ಅಲ್ಲ, ಮುಲ್ಲಂಗಿ ಜಾತಿಯ ಬೇರೆ ಗೆಡ್ಡೆ, ಸಾಸಿವೆ, ಹಸಿರು ಬಣ್ಣ. ಮೂಗಿಗೆ ಹತ್ತುತ್ತೆ, ಸರಿ. ಹೆಚ್ಚಿನ ಟ್ಯೂಬುಗಳ ಕಥೆ ಹೀಗೇ ಇರೋದರಿಂದ ಇವರೊಬ್ಬರನ್ನೇ ಬೈಯಲ್ಲ. ನೋರಿ ಮೆತ್ತಗಾಗಿತ್ತು, ಹಪ್ಪಳದ ಥರ ಉರಿ ಮೇಲೆ ಆಡಿಸಿದೆ, ಗರಿಗರಿ ಆಯಿತು. ವಿನೆಗರ್ ಸುಶಿ ಅನ್ನಕ್ಕೆ ಸರಿ, ಈ ಬಿಸಿ ಬೌಲಿಗೆ ಬೇಕಿರಲಿಲ್ಲ. ಸೌತೆಕಾಯಿಗೆ ಉಪ್ಪು, ಸಕ್ಕರೆ ಜೊತೆ ಕಲಸಿದೆ, ಅದೇ ಎಲ್ಲಕ್ಕಿಂತ ಬೇಗ ಖಾಲಿ.

5ಕ್ಕೆ 2 ಸ್ಟಾರ್, ಎರಡೂ ಅಕ್ಕಿಗೆ. ಅದು ಬಿಡಿಯಾಗಿ ಸಿಗುತ್ತೆ, ಮುಂದಿನ ಸಲ ಅಷ್ಟೇ ತರೋದು. ಅಮ್ಮ ಎರಡನೇ ಸಲ ಹಾಕಿಸಿಕೊಂಡರು, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು.